ಆರಕ್ಕೆ ಹಡಗು ಹತ್ತಿದ ಮಕ್ಕಳು

ಕೂನೂರಿನಿಂದ ಉದಕಮಂಡಲಕ್ಕೆ ಏರುವ ಪುಟ್ಟ ರೈಲು ಕೇತಿ ಕಣಿವೆಯ ಮೇಲಂಚಿನಲ್ಲಿ ಹಾದುಹೋಗುತ್ತದೆ. ನಕ್ಷೆಗಳಲ್ಲಿ ಅದು ಕೆಟ್ಟಿ. ಕೆಳಗೆ ಬಡಗರ ಹಟ್ಟಿಗಳು, ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್, ಎಲೆಕೋಸು, ಆಲೂಗಡ್ಡೆಯ ಹೊಲಗಳು, ನಡುನಡುವೆ ಚಹಾ ತೋಟ. ಕನ್ನಡಿಗರು ಈ ಕಣಿವೆಯನ್ನು ನೆನಪಿಡಲು ಕಾರಣವಿದೆ. ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ಎಲ್ಫಿನ್‌ಸ್ಟನ್ ಇಲ್ಲಿ ಕಟ್ಟಿಸಿದ್ದ ಮನೆಗೆ 1840ರ ದಶಕದ ನಡುವಿನಲ್ಲಿ ಬಂದು ನೆಲೆಸಿದ ಜಾರ್ಜ್ ಕ್ಯಾಸಮೇಜರ್ ಎಂಬ ನಿವೃತ್ತ ಸಿವಿಲ್ ಅಧಿಕಾರಿ, ಬಡಗರೊಡನೆ ಮಾತಾಡಲೆಂದೇ ಕನ್ನಡ ಕಲಿತರು, ಅವರ ಮಕ್ಕಳಿಗೆ ಶಾಲೆ ತೆರೆದರು. 1849ರಲ್ಲಿ ಅವರು ತೀರಿಕೊಂಡಾಗ ಆಸ್ತಿ ಬಾಸೆಲ್ ಮಿಶನ್ನಿಗೆ ಹೋಯಿತು. 1834ರಲ್ಲಿ ಮಂಗಳೂರಿಗೆ ಬಂದು ಧಾರವಾಡ, ಹುಬ್ಬಳ್ಳಿಗಳವರೆಗೆ ಹಬ್ಬಿದ್ದ ಆ ಸಂಸ್ಥೆಗೆ ನೀಲಗಿರಿಯಲ್ಲೂ ಕನ್ನಡವೇ ಕೆಲಸದ ಭಾಷೆಯಾಯಿತು. ಬೈಬಲ್ಲಿನ ಕನ್ನಡ ಅನುವಾದದಲ್ಲಿ ತೊಡಗಿದ್ದ ಗಾಟ್‌ಫ್ರೀಡ್ ವೀಗ್ಲೆ ಇಲ್ಲಿದ್ದು ಕೆಲಸ ಮಾಡಿದರು. ಫ್ರೀಡ್ರಿಕ್ ಮೆಟ್ಸ್ ಹಟ್ಟಿಯಿಂದ ಹಟ್ಟಿಗೆ ನಡೆದೇ ಅಲೆದು ತೊದವ, ಕೋತ, ಬಡಗ, ಕುರುಂಬರ ಬಗ್ಗೆ ಪುಸ್ತಕ ಬರೆದರು. 1890ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಲೂಕನ ಸುವಾರ್ತೆ ಬಡಗ ಮಾತಿನಲ್ಲಿ, ಕನ್ನಡ ಲಿಪಿಯಲ್ಲಿ ಹೊರಬಂತು.

ಈ ಇತಿಹಾಸವನ್ನು ನಾವು ಎರಡೇ ಬಗೆಯಲ್ಲಿ ಹೇಳುತ್ತ ಬಂದಿದ್ದೇವೆ. ಒಂದು ಬಗೆಯಲ್ಲಿ ಮಿಶನರಿ ಎಂದರೆ ಕನ್ನಡಕ್ಕೆ ನಿಘಂಟು, ಪತ್ರಿಕೆ, ಅಚ್ಚಿನ ಮೊಳೆ ಕೊಟ್ಟ ಪುಣ್ಯಾತ್ಮ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ನಿಘಂಟುಕಾರ ಕಿಟೆಲ್ಲರ ಪ್ರತಿಮೆಯೇ ನಿಂತಿದೆ. ಇನ್ನೊಂದರಲ್ಲಿ ಅವನು ಮತಾಂತರಕ್ಕೆ ಬಂದ ಪರದೇಶಿ, ನಿಘಂಟು ಅವನ ಉಪಕರಣ. ಜಗಳ ನೂರು ವರ್ಷದಿಂದ ನಡೆದಿದೆ, ಇನ್ನು ನೂರು ವರ್ಷ ನಡೆದರೂ ಮುಗಿಯುವಂಥದ್ದಲ್ಲ. ಎರಡೂ ಕಡೆಯವರು ಒಂದು ವಿಷಯದಲ್ಲಿ ಮಾತ್ರ ಒಪ್ಪಿಕೊಂಡೇ ಜಗಳಾಡುತ್ತಾರೆ: ಮಿಶನರಿ ಎಂದರೆ ಒಬ್ಬ ಗಂಡಸು. ಅವನಿಗೊಂದು ಮನೆಯಿತ್ತು, ಆ ಮನೆಯಲ್ಲಿ ದುಡಿಯುವವರಿದ್ದರು, ತೊಟ್ಟಿಲಿತ್ತು ಎಂಬುದು ಪರವಾದವರ ಬರಹದಲ್ಲೂ ಇಲ್ಲ, ವಿರುದ್ಧವಾದವರ ಬರಹದಲ್ಲೂ ಇಲ್ಲ. ನನ್ನ ವಾದ ಆ ತೊಟ್ಟಿಲಿನ ಬಗ್ಗೆ. ಸೇವೆಯ ಹೆಸರಿನಲ್ಲಿ ಮಗುವನ್ನು ಮನೆಯಿಂದ ಬಿಡಿಸುವುದನ್ನು ಆ ಕಾಲ ಸಹಜವಾದ ಬೆಲೆಯೆಂದು ಒಪ್ಪಿತು. ಇದೇ ನೀಲಗಿರಿಯಲ್ಲಿ, ಬೇರೆಯವರ ಮಕ್ಕಳ ವಿಷಯದಲ್ಲಿ, ನಮ್ಮ ಕಾಲವೂ ಅದನ್ನು ಒಪ್ಪುತ್ತಿದೆ. ಎರಡೂ ತಪ್ಪು. ಎರಡಕ್ಕೂ ಕೊಡುವ ಸಮರ್ಥನೆ ಒಂದೇ ಅಚ್ಚಿನದು.

ಮೊದಲು ಮನೆಯೊಳಕ್ಕೆ ಬರೋಣ. ಬಾಸೆಲ್ ಮಿಶನ್ ತನ್ನ ಗಂಡಸರನ್ನು ಸಾಮಾನ್ಯವಾಗಿ ಮದುವೆಯಿಲ್ಲದೆ ಹಡಗು ಹತ್ತಿಸುತ್ತಿತ್ತು. ಕೆಲವು ವರ್ಷ ದುಡಿದು, ಭಾಷೆ ಕಲಿತು, ಯೋಗ್ಯನೆನಿಸಿಕೊಂಡ ಮೇಲೆ ಮದುವೆಗೆ ಅನುಮತಿ ಕೋರಿ ಬಾಸೆಲ್ಲಿನ ಸಮಿತಿಗೆ ಅರ್ಜಿ ಹಾಕಬೇಕು. ಹುಡುಗಿಯ ಮನೆತನ, ಆರೋಗ್ಯ, ಭಕ್ತಿ ಇವುಗಳ ವಿಚಾರಣೆ ಸಮಿತಿಯದೇ. ವುರ್ಟೆಂಬರ್ಗ್, ಸ್ವಿಟ್ಜರ್ಲೆಂಡ್‌ಗಳ ಭಕ್ತ ಕುಟುಂಬಗಳಿಂದ ಹೊರಟ ಎಷ್ಟೋ ಹುಡುಗಿಯರು ಗಂಡನ ಮುಖ ನೋಡಿದ್ದು ಹಡಗಿನಿಂದಿಳಿದ ಮೇಲೆಯೇ. ನಮ್ಮ ಹಳೆಯ ಮದುವೆಗಳನ್ನು ಕಂಡು ಮೂಗು ಮುರಿಯುತ್ತಿದ್ದವರ ಮನೆಯಲ್ಲೇ ಹೀಗೆ ನಡೆಯುತ್ತಿತ್ತು ಎಂಬುದು ಸ್ವಲ್ಪ ತಮಾಷೆಯಾಗಿಯೂ ಕಾಣುತ್ತದೆ. ಬಂದ ಮೇಲೆ ಆಕೆಗೆ ಸಂಬಳವಿಲ್ಲ, ಹುದ್ದೆಯಿಲ್ಲ. ಕೆಲಸ ಮಾತ್ರ ಕೈತುಂಬ. ಹೆಣ್ಣುಮಕ್ಕಳ ಶಾಲೆ, ಹೊಲಿಗೆ-ಹೆಣಿಗೆಯ ಪಾಠ, ಬಾಗಿಲಿಗೆ ಬಂದವರಿಗೆ ಔಷಧ, ಬಂದುಹೋಗುವ ಮಿಶನರಿಗಳಿಗೆ ಊಟ ವಸತಿ, ಗಂಡ ಊರೂರು ತಿರುಗಲು ಹೋದಾಗ ಇಡೀ ಠಾಣ್ಯದ ಉಸ್ತುವಾರಿ, ಇದರ ನಡುವೆ ವರ್ಷ ಬಿಟ್ಟು ವರ್ಷ ಬಾಣಂತನ. ಸಂಸ್ಥೆಯ ಲೆಕ್ಕದಲ್ಲಿ ಆಕೆ ಒಬ್ಬ ನೌಕರನ ಹೆಂಡತಿ, ಅಷ್ಟೇ.

ಈ ಬಾಳಿನ ಬಿರುಸು ಕನ್ನಡದ ದೊಡ್ಡ ಹೆಸರುಗಳ ಹಿಂದೆಯೇ ಇದೆ. ವೀಗ್ಲೆ 1855ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು, ವಯಸ್ಸು ನಲವತ್ತೂ ದಾಟಿರಲಿಲ್ಲ. ಅವರ ಹೆಂಡತಿ ಪಾಲೀನ್ ಆಮೇಲೆ ಮದುವೆಯಾದದ್ದು ವೀಗ್ಲೆಯವರ ಸಂಬಂಧಿಯೂ ಸಹೋದ್ಯೋಗಿಯೂ ಆಗಿದ್ದ, 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ ಹರ್ಮನ್ ಮೊಗ್ಲಿಂಗರನ್ನು. ಕಿಟೆಲ್ಲರ ಮೊದಲ ಹೆಂಡತಿ ಪಾಲೀನ್ ಐತ್ ಮದುವೆಯಾದ ನಾಲ್ಕೇ ವರ್ಷಕ್ಕೆ, 1864ರಲ್ಲಿ, ಕಣ್ಣು ಮುಚ್ಚಿದರು. ಎರಡನೆಯ ಹೆಂಡತಿ ಜೂಲಿ ಆಕೆಯ ಒಡಹುಟ್ಟಿದವಳು. ಸಾವು ಬಂದರೆ ಮನೆಯನ್ನು ಹೀಗೆ ಮತ್ತೆ ಜೋಡಿಸಿ ಕೆಲಸ ಮುಂದುವರಿಸುವುದು ಆ ವ್ಯವಸ್ಥೆಯ ಪದ್ಧತಿಯೇ ಆಗಿತ್ತು. 1894ರ ಕಿಟೆಲ್ ನಿಘಂಟಿನ ಸುಮಾರು ಎಪ್ಪತ್ತು ಸಾವಿರ ಪದಗಳನ್ನು ಎಣಿಸುವ ನಾವು ಆ ಪುಟಗಳ ಹಿಂದಿದ್ದ ಅಡುಗೆಮನೆಯನ್ನು ಎಣಿಸಿಲ್ಲ.

ಹೆಂಡತಿಯ ದುಡಿಮೆಗಿಂತ ಕಠಿಣವಾದದ್ದು ಮಕ್ಕಳ ಪ್ರಶ್ನೆ. 1850ರಿಂದ ಮಿಶನ್ನಿನ ಚುಕ್ಕಾಣಿ ಹಿಡಿದ ಯೋಸೆಫ್ ಯೋಸೆನ್‌ಹಾನ್ಸ್ 1851-52ರಲ್ಲಿ ಭಾರತದ ಠಾಣ್ಯಗಳನ್ನೆಲ್ಲ ಸುತ್ತಿ ನೋಡಿಹೋದರು. ಮರುವರ್ಷ, 1853ರಲ್ಲಿ, ಮಕ್ಕಳ ಬಗ್ಗೆ ನಿಯಮವೇ ಬಂತು: ಸುಮಾರು ಆರು ವರ್ಷಕ್ಕೆ, ಶಾಲೆಯ ವಯಸ್ಸು ಬಂದೊಡನೆ, ಮಿಶನರಿಯ ಮಗು ಯೂರೋಪಿಗೆ ಹೋಗಬೇಕು. ಅಲ್ಲಿ ನೆಂಟರ ಮನೆ, ಇಲ್ಲವೇ ಬಾಸೆಲ್ ನಗರದಲ್ಲಿ ಮಿಶನ್ನೇ ನಡೆಸುವ ಮಕ್ಕಳ ಮನೆ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಈ ಪಯಣವೆಂದರೆ ಎಷ್ಟು ದಿನವೆಂದು ಹೇಳಲಾಗದ ಹಡಗಿನ ಬಾಳು. ಆರು ವರ್ಷದ ಹುಡುಗಿಯನ್ನು ಊರಿಗೆ ಮರಳುವ ಯಾರೋ ಸಹೋದ್ಯೋಗಿಯ ಕೈಗಿತ್ತು ತಾಯಿ ದಡದಲ್ಲಿ ನಿಲ್ಲುತ್ತಿದ್ದಳು. ತಂದೆತಾಯಿಗೆ ರಜೆ ಸಿಗುತ್ತಿದ್ದದ್ದು ಹಲವು ವರ್ಷಗಳಿಗೊಮ್ಮೆ. ಆಗ ಕದ ತಟ್ಟಿದ ಅಪರಿಚಿತರನ್ನು ಅಪ್ಪ-ಅಮ್ಮ ಎಂದು ಕರೆಯಬೇಕಾದ ಹದಿನಾರರ ಹುಡುಗರಿದ್ದರು. ಮಧ್ಯೆ ಇದ್ದದ್ದು ಕಾಗದ. ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಮಗುವಿನ ಹಲ್ಲು ಬಿದ್ದು ಹೊಸ ಹಲ್ಲು ಬಂದಿರುತ್ತಿತ್ತು.

ಇದಕ್ಕೆ ಮೊದಲ ಸಮಾಧಾನ ಎಲ್ಲರಿಗೂ ಗೊತ್ತಿರುವುದೇ: ಮಲೇರಿಯಾ, ವಾಂತಿಭೇದಿ, ಸೆಖೆ. ಭಾರತದ ಬಯಲಿನಲ್ಲಿ ಯೂರೋಪಿನ ಮಕ್ಕಳು ಸಾಯುತ್ತಿದ್ದರು, ಸಮಾಧಿಗಳೇ ಸಾಕ್ಷಿ, ಜೀವ ಉಳಿಸಲು ದೂರ ಕಳಿಸಿದರು ಎಂಬುದು. ಮಂಗಳೂರು, ತಲಶ್ಶೇರಿಗಳ ಮಟ್ಟಿಗೆ ಈ ವಾದದಲ್ಲಿ ತೂಕವಿದೆ, ತಳ್ಳಿಹಾಕಲಾರೆ. ಆದರೆ ಈ ವಾದವನ್ನು ಪರೀಕ್ಷಿಸಲು ನೀಲಗಿರಿಗಿಂತ ಒಳ್ಳೆಯ ಜಾಗ ಬೇರಿಲ್ಲ. ಯೂರೋಪಿಯನ್ನರು ಈ ಮಲೆ ಹತ್ತಿದ್ದೇ ಆರೋಗ್ಯಕ್ಕಾಗಿ. ಬಯಲಿನಲ್ಲಿ ಸೊರಗಿದ ಮಿಶನರಿಗಳು ಚೇತರಿಸಿಕೊಳ್ಳಲು ಬರುತ್ತಿದ್ದದ್ದು ಕೇತಿಗೇ. 1858ರಲ್ಲಿ ಉದಕಮಂಡಲದಲ್ಲಿ ಸೈನಿಕರ ಮಕ್ಕಳಿಗಾಗಿ ಲಾರೆನ್ಸ್ ಶಾಲೆ ಶುರುವಾಯಿತು. ಅಂದರೆ ಬಿಳಿಯರ ಮಕ್ಕಳು ಇಲ್ಲೇ ಬೆಳೆದು ಇಲ್ಲೇ ಓದಬಹುದೆಂಬುದು ಬ್ರಿಟಿಷ್ ಸೈನ್ಯಕ್ಕೆ ಗೊತ್ತಿತ್ತು. ಹಾಗಿದ್ದೂ ಬಾಸೆಲ್ಲಿನ ನಿಯಮ ಮಲೆಗೂ ಬಯಲಿಗೂ ಒಂದೇ ಆಗಿತ್ತು. ಹವಾಮಾನವೇ ಕಾರಣವಾಗಿದ್ದರೆ ಹವಾಮಾನ ಬದಲಾದಲ್ಲಿ ನಿಯಮವೂ ಸಡಿಲಬೇಕಿತ್ತಲ್ಲ? ನಿಜವಾದ ಅಂಜಿಕೆ ಬೇರೆಯದಿತ್ತು. ಮಗು ಆಯಾಳ ಸೊಂಟದ ಮೇಲೆ ಬೆಳೆಯುತ್ತಿತ್ತು, ಜರ್ಮನ್‌ಗಿಂತ ಮೊದಲು ಅದರ ಬಾಯಿಗೆ ಕನ್ನಡವೋ ಮಲಯಾಳವೋ ಬರುತ್ತಿತ್ತು, ನೆಲದ ಮೇಲೆ ಕೂತು ಕೈಯಲ್ಲಿ ಉಣ್ಣುತ್ತಿತ್ತು. ಸುತ್ತಣ ‘ಅನ್ಯಮತದ’ ಗಾಳಿ ತಗುಲಿ ಮಗು ಕೆಡುತ್ತದೆ, ಜರ್ಮನ್ ಕ್ರೈಸ್ತನಾಗದೆ ಉಳಿಯುತ್ತದೆ ಎಂಬ ದಿಗಿಲು ಸಮಿತಿಯನ್ನು ಕಾಡುತ್ತಿತ್ತು. ಬಡಗರ ಭಾಷೆಯನ್ನು ಅಚ್ಚಿಗೆ ಯೋಗ್ಯವೆಂದು ಎತ್ತಿಹಿಡಿದ ಸಂಸ್ಥೆಗೆ ಅದೇ ಭಾಷೆ ತನ್ನ ಮಗುವಿನ ಬಾಯಲ್ಲಿ ಕೇಳಿದರೆ ಭಯ. ದೊಡ್ಡವರು ಕಲಿತರೆ ಪಾಂಡಿತ್ಯ, ಮಗು ಕಲಿತರೆ ಕೇಡು.

ಅವರೇ ಒಪ್ಪಿ ಮಾಡಿದ ತ್ಯಾಗವಲ್ಲವೇ, ನೂರೈವತ್ತು ವರ್ಷದ ಮೇಲೆ ತಪ್ಪು ಹುಡುಕುವ ನಾವು ಯಾರು, ಎಂಬ ಮಾತು ಬರುತ್ತದೆ. ತ್ಯಾಗ ಎನ್ನುವ ಪದವನ್ನು ಸ್ವಲ್ಪ ತಿರುವಿ ನೋಡಬೇಕು. ನನ್ನದನ್ನು ನಾನು ಕೊಟ್ಟರೆ ತ್ಯಾಗ. ಗಂಡಸು ತನ್ನ ಊರು, ಆರೋಗ್ಯ, ಆಯುಷ್ಯ ಕೊಟ್ಟ. ಅದು ಅವನದು, ಕೈಮುಗಿಯೋಣ. ಹೆಂಡತಿಯ ಒಪ್ಪಿಗೆ ಅರ್ಧ ಅವಳದು, ಅರ್ಧ ಸಮಿತಿಯದು. ಆರು ವರ್ಷದ ಮಗುವನ್ನು ಯಾರೂ ಕೇಳಲಿಲ್ಲ. ಅದರ ಬಾಲ್ಯವನ್ನು ದೇವರಿಗೆ ಒಪ್ಪಿಸಿದವರು ಬೇರೆಯವರು. ಇಂದಿನ ಕಣ್ಣಿನಿಂದ ಅಂದನ್ನು ಅಳೆಯುತ್ತಿದ್ದೇನೆ ಎನ್ನುವಂತಿಲ್ಲ, ಏಕೆಂದರೆ ನೋವು ಅಂದಿನವರಿಗೂ ಗೊತ್ತಿತ್ತು. ಅಗಲಿಕೆ ಹಗುರವೆನಿಸಿದ್ದರೆ ಅದಕ್ಕೆ ನಿಯಮವೇ ಬೇಕಿರಲಿಲ್ಲ. ತಾಯಂದಿರು ತಾವಾಗಿ ಕಳಿಸಲಾರರು ಎಂದು ತಿಳಿದೇ ನಿಯಮ ಬರೆದದ್ದು. ಎರಡನೇ ಮಹಾಯುದ್ಧದ ಮೇಲೆ, 1951ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೌಲ್ಬಿ ಬರೆದ ವರದಿ ತಾಯಿಯಿಂದ ಅಗಲಿದ ಎಳೆಯ ಮಕ್ಕಳ ಮನಸ್ಸಿಗೆ ಏನಾಗುತ್ತದೆಂದು ವೈದ್ಯಶಾಸ್ತ್ರದ ಭಾಷೆಯಲ್ಲಿ ಹೇಳಿತು. ಮಂಗಳೂರಿನ ಬಂದರಿನಲ್ಲಿ ಸೆರಗು ಹಿಡಿದ ಕೈಯನ್ನು ಬಿಡಿಸಿಕೊಂಡ ತಾಯಿಗೆ ಆ ವರದಿ ಬೇಕಿರಲಿಲ್ಲ.

ಫಲ ನೋಡಿ ಮರವನ್ನು ತೂಗಬೇಕು ಎನ್ನುವವರು ಇಲ್ಲಿ ಹರ್ಮನ್ ಗುಂಡರ್ಟರ ಮನೆತನವನ್ನು ಮುಂದಿಡುತ್ತಾರೆ. ಮಲಯಾಳಂಗೆ 1872ರಲ್ಲಿ ದೊಡ್ಡ ನಿಘಂಟು ಕೊಟ್ಟ ಗುಂಡರ್ಟರ ಮಗಳು ಮೇರಿ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ಎಳವೆಯಲ್ಲೇ ಆಕೆಯನ್ನು ಯೂರೋಪಿನಲ್ಲಿ ಬಿಟ್ಟು ತಂದೆತಾಯಿ ಮಲಬಾರಿಗೆ ಮರಳಿದರು. ಹದಿಹರೆಯಕ್ಕೆ ಬಂದ ಮೇಲೆಯೇ ಆಕೆ ಅವರ ಬಳಿಗೆ ಬಂದದ್ದು. ಮುಂದೆ ಮಿಶನರಿ ಚಾರ್ಲ್ಸ್ ಇಸೆನ್‌ಬರ್ಗರನ್ನು ಮದುವೆಯಾದರು, ವಿಧವೆಯಾದರು, ಆಮೇಲೆ ಆರೋಗ್ಯ ಕೆಟ್ಟು ಭಾರತದಿಂದ ಹಿಂತಿರುಗಿದ್ದ ಯೊಹಾನೆಸ್ ಹೆಸ್ಸೆಯವರನ್ನು ಮದುವೆಯಾದರು. ಅವರ ಮಗ 1946ರ ನೊಬೆಲ್ ಪಡೆದ ಹರ್ಮನ್ ಹೆಸ್ಸೆ, ಸಿದ್ಧಾರ್ಥನ ಕಥೆ ಬರೆದವರು. ನೋಡಿ, ಎಂಥ ಫಲ! ಆದರೆ ಇದೇ ಹೆಸ್ಸೆ ಸಣ್ಣವರಿದ್ದಾಗ ತಂದೆತಾಯಿ ಬಾಸೆಲ್ಲಿನಲ್ಲೇ ಇದ್ದೂ ಅವರನ್ನು ಕೆಲಕಾಲ ಮಿಶನ್ನಿನ ಹುಡುಗರ ಮನೆಗೆ ಹಾಕಿದ್ದರು. ಹದಿಹರೆಯದಲ್ಲಿ ಅವರು ಮೌಲ್‌ಬ್ರಾನ್ನಿನ ಧರ್ಮಶಾಲೆಯಿಂದ ಓಡಿಹೋದವರು, ಆ ವಯಸ್ಸಿನಲ್ಲೇ ಸಾಯಲು ಹೊರಟವರು. ತಾಯಿಯಿಲ್ಲದೆ ಬೆಳೆದ ತಾಯಿ ಮಗನನ್ನು ದೂರವಿಟ್ಟರು. ನೊಬೆಲ್ ಬಂತೆಂದು ಇದನ್ನು ಫಲದ ಕಡೆ ಬರೆದುಕೊಳ್ಳಲು ನನಗಂತೂ ಕೈ ಬರುವುದಿಲ್ಲ.

ತಮಿಳುನಾಡಿನ ಇನ್ನೊಂದು ಮಲೆಯ ಉದಾಹರಣೆ ಇದಕ್ಕಿಂತ ಕಷ್ಟದ್ದು, ಏಕೆಂದರೆ ಅಲ್ಲಿ ಫಲ ನಿಜಕ್ಕೂ ದೊಡ್ಡದು. ಕೊಲ್ಲಿಮಲೆಯಲ್ಲಿ ಜೆಸ್ಸಿ ಮತ್ತು ಎವೆಲಿನ್ ಬ್ರ್ಯಾಂಡ್ ಎಂಬ ದಂಪತಿ ಗುಡ್ಡದ ಜನರ ನಡುವೆ ಬಾಳಿದರು. 1914ರಲ್ಲಿ ಹುಟ್ಟಿದ ಮಗ ಪಾಲ್ ಅಲ್ಲೇ ಬರಿಗಾಲಲ್ಲಿ ಮರ ಹತ್ತಿ ಬೆಳೆದ. ಒಂಬತ್ತು ವರ್ಷಕ್ಕೆ ತಂಗಿಯೊಡನೆ ಇಂಗ್ಲೆಂಡಿಗೆ ಹೋದ. 1929ರಲ್ಲಿ ತಂದೆ ಜ್ವರದಿಂದ ತೀರಿಕೊಂಡ ಸುದ್ದಿ ತಂತಿಯಲ್ಲಿ ಮುಟ್ಟಿತು; ಹಡಗಿನಲ್ಲಿ ಹೊರಟಿದ್ದ ತಂದೆಯ ಕಾಗದಗಳು ಆಮೇಲೂ ಬರುತ್ತಲೇ ಇದ್ದವು. ಆ ಹುಡುಗ ವೈದ್ಯನಾಗಿ 1946ರಲ್ಲಿ ವೆಲ್ಲೂರಿಗೆ ಬಂದು, ಕುಷ್ಠರೋಗಿಗಳ ಮುದುಡಿದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಿದ ಪಾಲ್ ಬ್ರ್ಯಾಂಡ್ ಆದರು. ಸಾವಿರಾರು ಕೈಗಳು ಅವರಿಂದ ಮತ್ತೆ ಅನ್ನ ಕಲಸಿದವು. ಅಗಲಿಕೆಯಿಂದಲೇ ಈ ಮನುಷ್ಯ ತಯಾರಾದರು ಎನ್ನಬಹುದೇ? ಬೆನ್ನಿಗಿದ್ದದ್ದು ಕೊಲ್ಲಿಮಲೆಯ ಒಂಬತ್ತು ವರ್ಷಗಳು ಎಂದೂ ಅನ್ನಬಹುದಲ್ಲ. ತಂದೆಯೊಡನೆ ಗುಡ್ಡ ಸುತ್ತಿ, ರೋಗಿಗಳನ್ನು ಕಣ್ಣಾರೆ ಕಂಡ ವರ್ಷಗಳು ಅವು. ಗಟ್ಟಿಯಾಗಿ ಉಳಿದವರ ಹೆಸರು ಮಾತ್ರ ಚರಿತ್ರೆಯಲ್ಲಿ ಉಳಿಯುತ್ತದೆ. ಮುರಿದುಹೋದವರ ಪಟ್ಟಿಯನ್ನು ಯಾವ ಮಿಶನ್ನಿನ ವಾರ್ಷಿಕ ವರದಿಯೂ ಅಚ್ಚು ಹಾಕಲಿಲ್ಲ.

ಮಿಶನ್ ಲೋಕವೇ ತನ್ನ ಲೆಕ್ಕವನ್ನು ಮೆಲ್ಲಗೆ ತಿದ್ದಿಕೊಂಡಿತು ಎಂಬುದೂ ನೀಲಗಿರಿಯಲ್ಲೇ ಕಾಣುತ್ತದೆ. 1899ರಲ್ಲಿ ಕೂನೂರಿನಲ್ಲಿ ಮಿಶನರಿಗಳ ಮಕ್ಕಳಿಗಾಗಿ ಹೆಬ್ರಾನ್ ಶಾಲೆ ಹುಟ್ಟಿತು. 1970ರ ದಶಕದಲ್ಲಿ ಅದು ಉದಕಮಂಡಲಕ್ಕೆ, ಸಸ್ಯೋದ್ಯಾನದ ಪಕ್ಕಕ್ಕೆ ಬಂತು. ಸಮುದ್ರದಾಚೆಯ ಆರು ವರ್ಷದ ಬದಲು ಘಟ್ಟದ ಮೇಲಿನ ಆರು ತಿಂಗಳು: ಅಷ್ಟರಮಟ್ಟಿಗೆ ಮನುಷ್ಯತ್ವ ಬಂತು. ಇಂದು ಕಾಲ ತಿರುಗಿದೆ. ತಮಿಳುನಾಡಿನಿಂದಲೇ ಕ್ರೈಸ್ತ ಸೇವಾಸಂಸ್ಥೆಗಳು ಎಳೆಯ ಕುಟುಂಬಗಳನ್ನು ಉತ್ತರದ ರಾಜ್ಯಗಳ ಕಾಡು ಹಳ್ಳಿಗಳಿಗೆ ಕಳಿಸುತ್ತವೆ. ಅವರ ಮಕ್ಕಳಿಗಾಗಿಯೇ ತಿರುನೆಲ್ವೇಲಿ ಸೀಮೆಯ ಡೋಹ್ನಾವೂರಿನಲ್ಲಿ ವಸತಿ ಶಾಲೆಯಿದೆ. ಕಳಿಸುವವರು ಬದಲಾದರು, ಬಾಸೆಲ್ಲಿನ ಪ್ರಶ್ನೆ ಮಾತ್ರ ತಮಿಳಿನಲ್ಲಿ ಮತ್ತೆ ಎದ್ದು ನಿಂತಿದೆ.

ಈ ಹಂತದಲ್ಲಿ ಕೆಲವು ಓದುಗರ ತಾಳ್ಮೆ ತಪ್ಪಿರಬಹುದು. ಪರದೇಶಿ ಪಾದ್ರಿಯ ಮಗುವಿಗೆ ಇಷ್ಟು ಕಣ್ಣೀರೇಕೆ? ಅವರು ಇಲ್ಲಿನವರ ಮನೆ ಮುರಿಯಲಿಲ್ಲವೇ? ಮುರಿದರು. ಕೇತಿಯಲ್ಲಿ ಹನ್ನೆರಡು ವರ್ಷ ದುಡಿದ ಮೇಲೆ, 1858ರಲ್ಲಿ, ಮೊದಲ ಬಡಗ ದೀಕ್ಷಾಸ್ನಾನ ನಡೆಯಿತು. ಹಟ್ಟಿಯೆಂದರೆ ಬರೀ ಮನೆಗಳ ಸಾಲಲ್ಲ; ಕುಲದೇವತೆ ಹೆತ್ತೆಯ ಹಬ್ಬ, ಸಾವಿನ ಕ್ರಿಯೆ, ಹೊಲದ ಪಾಲು, ಹೆಣ್ಣು ಕೊಟ್ಟು ತರುವ ನಂಟು ಎಲ್ಲ ಸೇರಿದ ಒಂದು ಬದುಕು. ದೀಕ್ಷೆ ಪಡೆದವನಿಗೆ ಅದರಲ್ಲಿ ಜಾಗವಿರಲಿಲ್ಲ, ಅವನು ಮಿಶನ್ನಿನ ನೆರಳಿನಲ್ಲಿ ಬೇರೆ ಒಲೆ ಹೂಡಬೇಕಾಯಿತು. ಹಾಗೆ ಒಬ್ಬೊಬ್ಬರಾಗಿ ಹೊರಬಂದವರ ಹಿಂದೆ ಅಪ್ಪ-ಅಮ್ಮಂದಿರು ಇದ್ದರು. ಇದನ್ನು ಮರೆಮಾಚಿದರೆ ನನ್ನ ವಾದವೇ ಸುಳ್ಳಾಗುತ್ತದೆ. ತನ್ನ ಕರುಳ ಕುಡಿಯನ್ನೇ ನಿಯಮದ ಹೆಸರಿನಲ್ಲಿ ಹಡಗು ಹತ್ತಿಸಬಲ್ಲ ವ್ಯವಸ್ಥೆಗೆ ಇನ್ನೊಬ್ಬರ ಮನೆಯ ಅಗಲಿಕೆ ದೊಡ್ಡದೆನಿಸುವುದು ಹೇಗೆ? ಮನೆ ಎಂಬುದು ಮೇಲಿನ ಗುರಿಗಾಗಿ ಬಿಡಬಹುದಾದ ವಸ್ತು ಎಂದು ಒಮ್ಮೆ ಒಪ್ಪಿದವನು ಅದನ್ನು ತನ್ನ ಮನೆಗೂ ಅನ್ವಯಿಸುತ್ತಾನೆ, ಪರರ ಮನೆಗೂ. ಪರದೇಶಿಯ ಮಗುವಿಗೆ ಕಣ್ಣೀರು ಹಾಕಿದರೆ ಹಟ್ಟಿಯ ತಾಯಿಗೆ ಕಡಿಮೆಯಾಗುವುದಿಲ್ಲ.

ಈಗ ಕೇತಿಯಿಂದ ಇಳಿದು ಗೂಡಲೂರು, ಮಸಿನಗುಡಿಯ ಕಡೆ ಬರೋಣ. ಪಣಿಯರು, ಬೆಟ್ಟ ಕುರುಂಬರು, ಕಾಟ್ಟುನಾಯಕರು ಎನಿಸಿಕೊಳ್ಳುವ ಜೇನು ಕುರುಂಬರು, ಇರುಳರು ಬಾಳುವ ಸೀಮೆ ಇದು. ಇಲ್ಲಿ ಕಾಡಂಚಿನ ಮಗುವಿನ ಓದಿಗೆ ಸರಕಾರ ಬಹುಕಾಲದಿಂದ ಕಂಡುಕೊಂಡ ಮದ್ದು ಬುಡಕಟ್ಟು ವಸತಿ ಶಾಲೆ. ಐದಾರು ವರ್ಷದ ಮಗು ಮನೆ ಬಿಟ್ಟು ಹಾಸ್ಟೆಲ್ಲಿನ ಹಾಲ್‌ನಲ್ಲಿ ಮಲಗುವುದನ್ನು ಕಲಿಯಬೇಕು. ಜೇನು ಕುರುಂಬರ ನುಡಿ ಕನ್ನಡದ ನೆಂಟ, ಶಾಲೆಯ ನುಡಿ ತಮಿಳು. ಮಗುವಿನ ಬಾಯಿಗೆ ಅಲ್ಲಿ ಬೀಗ. ಇದರ ಹಿಂದೆ ದುರುದ್ದೇಶವಿದೆ ಎಂದು ನಾನು ಹೇಳುತ್ತಿಲ್ಲ, ಯೋಸೆನ್‌ಹಾನ್ಸರಿಗೂ ದುರುದ್ದೇಶವಿರಲಿಲ್ಲ. ಮನೆಯಲ್ಲಿದ್ದರೆ ಮಗು ಓದುವುದಿಲ್ಲ, ಅಪ್ಪ ಜೇನಿಗೆ ಹೋದರೆ ಹಿಂದೆಯೇ ಹೋಗುತ್ತದೆ, ಹಬ್ಬ ಬಂದರೆ ಹದಿನೈದು ದಿನ ನಾಪತ್ತೆ, ಕುಡಿತದ ವಾತಾವರಣ, ಆದ್ದರಿಂದ ಬಿಡಿಸಿಡುವುದೇ ಒಳ್ಳೆಯದು ಎಂಬ ಮಾತನ್ನು ಒಳ್ಳೆಯ ಅಧಿಕಾರಿಗಳೂ ಒಳ್ಳೆಯ ಮೇಷ್ಟರುಗಳೂ ಹೇಳುತ್ತಾರೆ. 1853ರ ನಿಯಮದ ಪಕ್ಕದಲ್ಲಿಟ್ಟು ಓದಿ. ಸುತ್ತಣ ಗಾಳಿ, ಸುತ್ತಣ ನುಡಿ, ಹೆತ್ತವರಿಂದಲೇ ಮಗುವಿಗೆ ಕೇಡು. ಒಂದೇ ವ್ಯತ್ಯಾಸ: ಅಂದು ನಿಯಮ ಬರೆದವರು ತಮ್ಮ ಬಳಗದ ಮಕ್ಕಳನ್ನು ಕಳಿಸಿದರು. ಇಂದು ನಿಯಮ ಬರೆಯುವವರ ಮಕ್ಕಳು ಸಂಜೆ ಮನೆಗೇ ಬರುತ್ತಾರೆ.

ಈ ಸೀಮೆ ಜಗತ್ತಿಗೆಲ್ಲ ಗೊತ್ತಾದದ್ದು 2023ರಲ್ಲಿ, ಆನೆಮರಿ ರಘು ಮತ್ತು ಅದನ್ನು ಸಾಕಿದ ಬೊಮ್ಮನ್-ಬೆಳ್ಳಿ ದಂಪತಿಯ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂದಾಗ. ತಾಯಿ ತಪ್ಪಿದ ಮರಿಗೆ ಬಿಡದೆ ಜೊತೆಗಿರುವ ಒಂದು ಜೀವ ಬೇಕು, ಹಾಲಿನಷ್ಟೇ ಮುಖ್ಯ ಮೈಸೋಕು ಎಂಬುದನ್ನು ತೆಪ್ಪಕಾಡಿನ ಆನೆ ಶಿಬಿರ ಚೆನ್ನಾಗಿ ಬಲ್ಲದು. ಆ ಕೆಲಸಕ್ಕೆ ಕಾಟ್ಟುನಾಯಕ ಸಮುದಾಯದವರಿಗಿಂತ ಬಲ್ಲವರಿಲ್ಲ ಎಂದೂ ಒಪ್ಪುತ್ತದೆ. ಮರಿ ದೊಡ್ಡದಾಗಿ ಬೇರೆಯವರ ಕೈಗೆ ಹೋದಾಗ ಬೆಳ್ಳಿಯವರ ಸಂಕಟವನ್ನು ತೆರೆಯ ಮೇಲೆ ಕಂಡು ದೇಶವೇ ಮರುಗಿತು. ಅದೇ ಸಮುದಾಯದ ಮಗು ಆರಕ್ಕೆ ಹಾಸ್ಟೆಲ್ಲಿಗೆ ಹೋದರೆ ಅದು ಅಭಿವೃದ್ಧಿಯ ಅಂಕಿ.

ಇದಕ್ಕೆ ಎದುರಾಗುವ ಆಕ್ಷೇಪ ಭಾವುಕವಲ್ಲ, ಪ್ರಾಯೋಗಿಕ, ಆದ್ದರಿಂದ ನೇರವಾಗಿ ಉತ್ತರಿಸಬೇಕು. ಕಾಡಿನೊಳಗೆ ಹತ್ತು ಮನೆಯ ಹಾಡಿ, ದಾರಿಯಲ್ಲಿ ಆನೆ, ಆಗಾಗ ಹುಲಿ, ಮಳೆಗಾಲದಲ್ಲಿ ಹೊಳೆ. ಮಗು ದಿನಾ ಹೋಗಿಬರುವುದು ಹೇಗೆ? ಹಾಸ್ಟೆಲ್ಲಿನಲ್ಲಿ ಮೂರು ಹೊತ್ತು ಊಟವಾದರೂ ಇದೆ. ಒಪ್ಪತಕ್ಕ ಮಾತೇ. ಒಂದರಿಂದ ಐದನೇ ತರಗತಿಯ ಶಾಲೆ ಒಂದು ಕಿಲೋಮೀಟರಿನೊಳಗಿರಬೇಕು, ದುರ್ಗಮ ಜಾಗದಲ್ಲಿ ವಾಹನವನ್ನೋ ವಸತಿಯನ್ನೋ ಒದಗಿಸಬೇಕು ಎಂಬುದು 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಬಂದ ಮಾದರಿ ನಿಯಮ. ಎರಡು ದಾರಿ ಕೊಟ್ಟಾಗ ಆಡಳಿತ ಸುಲಭವಾದದ್ದನ್ನು ಹಿಡಿಯುತ್ತದೆ: ಜೀಪು ಓಡಿಸುವುದಕ್ಕಿಂತ ಮಕ್ಕಳನ್ನು ಒಂದೆಡೆ ಕೂಡಿಹಾಕುವುದು ಸುಲಭ. ಆನೆ ಇರುವುದು ನಿಜವಾದರೂ ಮಸಿನಗುಡಿಯ ರೆಸಾರ್ಟುಗಳ ಅತಿಥಿಗಳನ್ನು ಕರೆದೊಯ್ಯುವ ಜೀಪುಗಳು ಅದೇ ದಾರಿಯಲ್ಲಿ ಓಡುತ್ತಲೇ ಇದ್ದವಲ್ಲ. ಪಾಠ ಮನೆಯ ಬಳಿಗೆ ಹೋಗಬಲ್ಲದು ಎಂಬುದನ್ನು ತಮಿಳುನಾಡು ಸರಕಾರವೇ ತೋರಿಸಿದೆ. ಕೊರೋನಾದಲ್ಲಿ ಶಾಲೆ ಮುಚ್ಚಿ ಕಲಿಕೆ ಹಿಂದೆ ಬಿದ್ದಾಗ, 2021ರ ಅಕ್ಟೋಬರಿನಲ್ಲಿ ಶುರುವಾದ ‘ಇಲ್ಲಂ ತೇಡಿ ಕಲ್ವಿ’, ಎಂದರೆ ಮನೆ ಹುಡುಕಿಕೊಂಡು ಬರುವ ಶಿಕ್ಷಣ, ಊರಿನವರನ್ನೇ ಸ್ವಯಂಸೇವಕರನ್ನಾಗಿ ಮಾಡಿ ಮಗುವಿನ ಬೀದಿಯಲ್ಲೇ ಪಾಠ ನಡೆಸಿತು. ಬಯಲಿನ ಮಗುವಿಗೆ ಸಾಧ್ಯವಾದದ್ದು ಹಾಡಿಯ ಮಗುವಿಗೆ ಏಕೆ ಖಾಯಂ ಏರ್ಪಾಡಾಗಬಾರದು?

ಗೂಡಲೂರಿನಲ್ಲೇ ಬೇರೆ ದಾರಿಯೊಂದು ಮೂವತ್ತು ವರ್ಷಕ್ಕೂ ಮೀರಿ ಸವೆದಿದೆ. 1980ರ ದಶಕದ ನಡುವಿನಲ್ಲಿ ಹುಟ್ಟಿದ ಅಕಾರ್ಡ್ ಸಂಸ್ಥೆ, ಅದರ ಬೆನ್ನಿಗೆ ಆದಿವಾಸಿ ಮುನ್ನೇಟ್ರ ಸಂಘ, 1990ರಲ್ಲಿ ಅಶ್ವಿನಿ ಆಸ್ಪತ್ರೆ: ಇವುಗಳಿಗಾಗಿ ಹೊರಗಿನಿಂದ ಬಂದ ವೈದ್ಯರು, ಶಿಕ್ಷಕರು ಹಲವರು ಎಳೆಯ ಸಂಸಾರ ಕಟ್ಟಿಕೊಂಡೇ ಬಂದರು. ಇವರೂ ಒಂದರ್ಥದಲ್ಲಿ ಮಿಶನರಿಗಳೇ, ಪ್ರಾರ್ಥನೆಯ ಪುಸ್ತಕ ಮಾತ್ರ ಬೇರೆ. ಅಂಥ ಒಂದು ಶಿಕ್ಷಕ ದಂಪತಿ ತಮ್ಮ ಮನೆಯ ಮಕ್ಕಳಿಗಾಗಿ ಶುರುಮಾಡಿದ ಕಲಿಕೆಯೇ 1990ರ ದಶಕದಲ್ಲಿ ಆದಿವಾಸಿ ಮಕ್ಕಳಿಗೆ ತೆರೆದು ವಿದ್ಯೋದಯ ಶಾಲೆಯಾಯಿತು. ಅವರು ತಮ್ಮ ಮಕ್ಕಳನ್ನು ದೂರದ ಒಳ್ಳೆಯ ಶಾಲೆಗೆ ಕಳಿಸಿ, ಆದಿವಾಸಿ ಮಕ್ಕಳಿಗೆ ಇಲ್ಲಿ ಬೇರೊಂದು ಶಾಲೆ ನಡೆಸಬಹುದಿತ್ತು. ಸೇವೆಯ ಲೋಕದಲ್ಲಿ ಸಾಮಾನ್ಯವಾಗಿ ನಡೆಯುವುದೇ ಅದು. ಹಾಗಾಗದೆ ಎರಡು ಬಗೆಯ ಮಕ್ಕಳು ಒಂದೇ ಅಂಗಳದಲ್ಲಿ ಕೂತದ್ದರಿಂದ ಶಾಲೆಯ ಗುಣವೇ ಬದಲಾಯಿತು. ಆದಿವಾಸಿ ಯುವಕ-ಯುವತಿಯರು ಶ್ರಮವಹಿಸಿ ಶಿಕ್ಷಕರಾದರು, ಹಿರಿಯರು ಹಾಡು ಕಥೆ ಹೇಳಲು ಬಂದರು. ಎಲ್ಲ ಸಮಸ್ಯೆಯೂ ಅಲ್ಲಿ ಬಗೆಹರಿದಿದೆ ಎಂದಲ್ಲ. ಒಂದು ಶಾಲೆ ಒಂದು ಜಿಲ್ಲೆಯ ಉತ್ತರವಾಗಲಾರದು. ಆದರೂ, ಮಗುವನ್ನು ಬಿಡಿಸದೆ ಸೇವೆ ಅಸಾಧ್ಯ ಎಂಬ ಮಾತು ಇಲ್ಲಿ ಬಿದ್ದುಹೋಯಿತು.

ಹಾಗಾದರೆ ವಸತಿ ಶಾಲೆಗಳನ್ನೆಲ್ಲ ಮುಚ್ಚಬೇಕೇ? ಬೇಡ. ಹನ್ನೆರಡು ದಾಟಿದ ಹುಡುಗಿಗೆ ಪ್ರೌಢಶಾಲೆಗೆ ಬೇರೆ ದಾರಿಯಿಲ್ಲದಿದ್ದರೆ ಹಾಸ್ಟೆಲ್ ವರವೇ ಆಗಬಹುದು, ಅವಳು ತನ್ನ ಇಷ್ಟ-ಕಷ್ಟ ಬಾಯಿಬಿಟ್ಟು ಹೇಳಬಲ್ಲಳು. ನನ್ನ ತಕರಾರು ಆರು ವರ್ಷದ ಗೆರೆಯ ಬಗ್ಗೆ. ಐದನೇ ತರಗತಿಯವರೆಗೆ ಮಗು ರಾತ್ರಿ ಮಲಗುವುದು ಮನೆಯಲ್ಲೇ ಎಂಬುದು ನಿಯಮವಾಗಬೇಕು, ಹಾಸ್ಟೆಲ್ ಅಪವಾದವಾಗಬೇಕು. ಇಂದು ಇದು ತಲೆಕೆಳಗಾಗಿದೆ. ಕುಟುಂಬಗಳನ್ನು ದೂರ ಕಳಿಸುವ ಸಂಸ್ಥೆಗಳಿಗೂ, ಮಿಶನ್ ಆಗಲಿ ಸ್ವಯಂಸೇವಾ ಸಂಘವಾಗಲಿ, ಇದೇ ಮಾತು: ಮಕ್ಕಳ ಶಾಲೆಯ ಏರ್ಪಾಡು ಮಾಡಲಾಗದ ಊರಿಗೆ ಮಕ್ಕಳಿರುವವರನ್ನು ಕಳಿಸಬಾರದು, ದುಡಿಯುವ ಹೆಂಡತಿಗೆ ಹುದ್ದೆಯನ್ನೂ ಸಂಬಳವನ್ನೂ ಕಾಗದದ ಮೇಲೆ ಬರೆದುಕೊಡಬೇಕು.

ನಿಯಮ ಬದಲಾಗಲು ವರ್ಷಗಳೇ ಹಿಡಿಯುತ್ತವೆ. ನಾಳೆಯೇ ಮಾಡಬಹುದಾದದ್ದೂ ಇದೆ. ಈಗ ಹಾಸ್ಟೆಲ್ಲಿನಲ್ಲಿರುವ ಸಣ್ಣ ಮಕ್ಕಳನ್ನು ಶುಕ್ರವಾರ ಸಂಜೆ ಹಾಡಿಗೆ ಬಿಟ್ಟು ಸೋಮವಾರ ಬೆಳಿಗ್ಗೆ ಕರೆತರಲು ಒಂದು ವಾಹನ, ಮತ್ತು ಆ ವಾಹನದಲ್ಲಿ ಮಕ್ಕಳ ಮಾತು ಬಲ್ಲ ಒಬ್ಬ ಹಿರಿಯಳು.